ಆಡಿಯೋ ಟ್ರಾನ್ಸ್‌ಕ್ರಿಪ್ಷನ್ ಕೆಲಸಕ್ಕೆ 28 ಸಾವಿರದ ಕೋರ್ಸ್, ಕಿಟ್ ಬೇಕಾ?

ಪ್ರಶ್ನೆ: ನನಗೆ 36 ವರ್ಷ. ತವರು ಸಿಂಧನೂರು. ಮದುವೆಯಾಗಿ ಬೆಂಗಳೂರಿಗೆ ಬಂದು 12 ವರ್ಷವಾಯಿತು, ಈಗ ಶ್ರೀನಗರದಲ್ಲಿದ್ದೇವೆ. ವಕೀಲರೊಬ್ಬರ ಕಚೇರಿಯಲ್ಲಿ ಆರು ವರ್ಷ ನುಡಿ ಸಾಫ್ಟ್‌ವೇರ್‌ನಲ್ಲಿ ಕನ್ನಡ ಟೈಪ್ ಮಾಡುತ್ತಿದ್ದೆ. ಮಗಳು ಹುಟ್ಟಿದ ಮೇಲೆ ಬಿಟ್ಟೆ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಆದರೆ ಸಿನಿಮಾದಲ್ಲಿ ಅಮೆರಿಕದವರು ಮಾತಾಡಿದರೆ ಅರ್ಧ ತಿಳಿಯುವುದಿಲ್ಲ. ಮನೆಯಿಂದಲೇ ಆಡಿಯೋ ಟ್ರಾನ್ಸ್‌ಕ್ರಿಪ್ಷನ್, ಅಂದರೆ ರೆಕಾರ್ಡಿಂಗ್ ಕೇಳಿ ಟೈಪ್ ಮಾಡುವ ಕೆಲಸ, ಮಾಡಬಹುದು ಎಂದು ಒಂದು ತರಬೇತಿ ಸಂಸ್ಥೆಯವರು ಹೇಳಿದರು. ಕೋರ್ಸಿಗೆ 16 ಸಾವಿರ. ಫುಟ್ ಪೆಡಲ್, ಹೆಡ್‌ಫೋನ್, ಸಾಫ್ಟ್‌ವೇರ್ ಇರುವ ಕಿಟ್‌ಗೆ 12 ಸಾವಿರ. ಕಿಟ್ ಇಲ್ಲದಿದ್ದರೆ ಯಾರೂ ಕೆಲಸ ಕೊಡುವುದಿಲ್ಲವಂತೆ. 2 ಸಾವಿರ ಮುಂಗಡ ಕೊಟ್ಟಿದ್ದೇನೆ, ಉಳಿದದ್ದಕ್ಕೆ ದಿನಾ ಫೋನ್ ಮಾಡುತ್ತಾರೆ. ಮೈದುನ ಸಾಫ್ಟ್‌ವೇರ್‌ನಲ್ಲಿದ್ದಾನೆ. ‘ಅತ್ತಿಗೆ, ಇದೆಲ್ಲ ಈಗ ಎಐ ಮಾಡುತ್ತೆ, ಸುಮ್ನೆ ದುಡ್ಡು ದಂಡ’ ಅನ್ನುತ್ತಾನೆ. ನಮ್ಮ ಲ್ಯಾಪ್‌ಟಾಪ್ ಹಳೆಯದು, 4 ಜಿಬಿ ರ‍್ಯಾಮ್. ಸಂಜೆಯೆಲ್ಲ ಅತ್ತೆಯವರ ಟಿವಿ ಓಡುತ್ತಿರುತ್ತದೆ. ಈ ಕೆಲಸ ನಿಜವಾಗಿ ಇದೆಯಾ? ಏನೇನು ಕೊಳ್ಳಬೇಕು? ತಿಂಗಳಿಗೆ ಎಷ್ಟು ಸಿಗಬಹುದು?

ಉತ್ತರ: ನಿಮ್ಮನ್ನು ಇಬ್ಬರು ಹೆದರಿಸುತ್ತಿದ್ದಾರೆ. ಕಿಟ್ ಕೊಳ್ಳದಿದ್ದರೆ ಕೆಲಸವಿಲ್ಲ ಅಂತ ಒಬ್ಬರು, ಕೊಂಡರೂ ಕೆಲಸವಿಲ್ಲ ಅಂತ ಇನ್ನೊಬ್ಬರು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಉಳಿದ 26 ಸಾವಿರ ಕಟ್ಟಬೇಡಿ. ನೀವು ಈ ಉತ್ತರ ಓದಿ ಮುಗಿಸುವಷ್ಟರಲ್ಲಿ ಅವರ ಫೋನ್ ಮತ್ತೆ ಬಂದರೂ ಬರಬಹುದು.

ಹೀಗೆ ಹೇಳುವುದಕ್ಕೆ ನನಗೊಂದು ಹಳೆಯ ಗಾಯವಿದೆ. 2000ದ ಸುಮಾರಿಗೆ ಬೆಂಗಳೂರಿನಲ್ಲಿ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್‌ಗೆ ಭಾರಿ ಹೆಸರಿತ್ತು. ಅಮೆರಿಕದ ಡಾಕ್ಟರುಗಳು ಹಗಲು ರೋಗಿಗಳನ್ನು ನೋಡಿ ವರದಿಯನ್ನು ಬಾಯಲ್ಲಿ ಹೇಳಿ ಮಲಗುತ್ತಿದ್ದರು. ಅಲ್ಲಿ ರಾತ್ರಿಯಾದಾಗ ನಮಗೆ ಹಗಲು. ಅವರು ಏಳುವಷ್ಟರಲ್ಲಿ ವರದಿ ಟೈಪ್ ಆಗಿರುತ್ತಿತ್ತು. ಬಿಎಸ್ಸಿ ಮುಗಿಸಿದವರೆಲ್ಲ ತರಬೇತಿಗೆ ಸಾಲು ನಿಂತೆವು. ನಾನು ಸಾಲ ಮಾಡಿ ಆರು ತಿಂಗಳ ಕೋರ್ಸಿಗೆ ಕಟ್ಟಿದೆ. ಕೊನೆಗೆ ಒಂದು ಸರ್ಟಿಫಿಕೇಟ್ ಸಿಕ್ಕಿತು, ‘ಗ್ಯಾರಂಟಿ’ ಅಂದಿದ್ದ ಕೆಲಸ ಸಿಗಲಿಲ್ಲ. ಆಮೇಲೆ ಬೇರೆ ಕಡೆ ಕೆಲಸ ಕೊಟ್ಟವರು ಆ ಸರ್ಟಿಫಿಕೇಟನ್ನು ತೆಗೆದೂ ನೋಡಲಿಲ್ಲ. ಹತ್ತು ನಿಮಿಷದ ಒಂದು ಫೈಲು ಹಾಕಿ, ಹೆಡ್‌ಫೋನ್ ಕೊಟ್ಟು, ‘ಕೂತ್ಕೊಳ್ಳಿ, ಟೈಪ್ ಮಾಡಿ’ ಅಂದರು. ಅಷ್ಟೇ ಪರೀಕ್ಷೆ. ಇವತ್ತಿಗೂ ಈ ಕೆಲಸಕ್ಕೆ ಒಳಗೆ ಹೋಗುವ ಬಾಗಿಲು ಆ ಹತ್ತು ನಿಮಿಷವೇ. ನೀವು ಯಾವ ಕಿಟ್ ಇಟ್ಟುಕೊಂಡಿದ್ದೀರಿ ಅಂತ ನನ್ನನ್ನು ಇಷ್ಟು ವರ್ಷಗಳಲ್ಲಿ ಯಾವ ಕ್ಲೈಂಟೂ ಕೇಳಿಲ್ಲ.

ಆ ಮೆಡಿಕಲ್ ಕೆಲಸ ಮುಂದೆ ಕರಗುತ್ತ ಬಂತು. ಅಮೆರಿಕದಲ್ಲಿ 2009ರಲ್ಲಿ ಬಂದ ಕಾನೂನು ಆಸ್ಪತ್ರೆಗಳನ್ನು ಎಲೆಕ್ಟ್ರಾನಿಕ್ ದಾಖಲೆಯ ಕಡೆ ತಳ್ಳಿತು. ಮಾತು ಗುರುತಿಸುವ ಸಾಫ್ಟ್‌ವೇರ್ ಪಳಗಿತು. ಟೈಪ್ ಮಾಡುತ್ತಿದ್ದ ನಾವು ಯಂತ್ರದ ತಪ್ಪು ತಿದ್ದುವವರಾದೆವು, ಸಂಬಳವೂ ಅದಕ್ಕೆ ತಕ್ಕಂತೆ ಇಳಿಯಿತು. ಹಾಗಾಗಿ ನಿಮ್ಮ ಮೈದುನನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಒಬ್ಬರೇ ಮಾತಾಡುವ, ಸ್ಪಷ್ಟವಾಗಿ ರೆಕಾರ್ಡ್ ಆದ ಇಂಗ್ಲಿಷ್ ಆಡಿಯೋಗೆ ಈಗ ಮನುಷ್ಯರನ್ನು ಕೂರಿಸುವವರು ಕಡಿಮೆ. 2022ರ ಸೆಪ್ಟೆಂಬರಿನಲ್ಲಿ ಓಪನ್‌ಎಐ ಮಾತನ್ನು ಬರಹಕ್ಕೆ ಇಳಿಸುವ ತನ್ನ ವಿಸ್ಪರ್ ಅನ್ನು ಎಲ್ಲರಿಗೂ ಬಿಟ್ಟುಕೊಟ್ಟ ಮೇಲಂತೂ ಆ ದಾರಿ ಮತ್ತೂ ಕಿರಿದಾಯಿತು. ನೀವು ಕೋರ್ಟಿನ ಕಡೆಯವರು, ನಿಮಗೆ ಇದೂ ಗೊತ್ತಿರಲಿ: 2023ರ ಫೆಬ್ರವರಿಯಿಂದ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ವಾದಗಳನ್ನೂ ಯಂತ್ರವೇ ಬರೆದುಕೊಳ್ಳತೊಡಗಿದೆ. ಹಾಗೆ ಬರೆದದ್ದನ್ನು ವಕೀಲರು ನೋಡಿ ತಿದ್ದಿಕೊಡಬೇಕು.

ಮೈದುನ ಲೆಕ್ಕಕ್ಕೆ ಹಿಡಿಯದೇ ಇರುವುದು ಒಂದಿದೆ. ಯಂತ್ರ ಚೆನ್ನಾಗಿ ಕೇಳುವುದು ಪುಸ್ತಕದಂತೆ ಮಾತಾಡುವವರನ್ನು. ನಿಮ್ಮ ಹತ್ತಿರ ಬರುವ ಫೈಲಿನಲ್ಲಿ ಯಾರೂ ಪುಸ್ತಕದಂತೆ ಮಾತಾಡುವುದಿಲ್ಲ. ಹೊಲದ ಬದುವಿನ ಮೇಲೆ ಎಂಟು ಹೆಂಗಸರು ಒಟ್ಟಿಗೆ ಮಾತಾಡುತ್ತಿರುತ್ತಾರೆ, ಹಿಂದೆ ಟ್ರಾಕ್ಟರ್ ಸದ್ದು. ಒಬ್ಬರದು ಕನ್ನಡ, ಪಕ್ಕದವರದು ದಖ್ಖನಿ ಉರ್ದು ಬೆರೆತ ಕನ್ನಡ, ಪ್ರಶ್ನೆ ಕೇಳುವ ಹುಡುಗಿಯದು ಅರ್ಧ ಇಂಗ್ಲಿಷ್. ಇಂಥ ಫೈಲು ಕೊಟ್ಟರೆ ಯಂತ್ರ ಗುಡ್ಡೆಗಟ್ಟಲೆ ತಪ್ಪು ಮಾಡುತ್ತದೆ. ಮೌನ ಬಂದ ಕಡೆ ಯಾರೂ ಆಡದ ವಾಕ್ಯವನ್ನು ಸೇರಿಸಿಬಿಡುವ ಚಾಳಿ ವಿಸ್ಪರ್‌ನಂಥವಕ್ಕೆ ಇದೆ. ‘ಹೂಂ’, ‘ಊಹೂಂ’ಗಳನ್ನು ಕಸ ಅಂತ ಗುಡಿಸಿಹಾಕುವುದೂ ಉಂಟು. ಕನ್ನಡದಲ್ಲಿ ಅವೆರಡು ಕಸವಲ್ಲ, ಹೌದು ಮತ್ತು ಇಲ್ಲ. ‘ನಿಮಗೆ ಪಿಂಚಣಿ ಬರುತ್ತಾ ಅಜ್ಜಿ?’ ಅಂತ ಕೇಳಿದ್ದಾರೆ, ಅಜ್ಜಿ ‘ಊಹೂಂ’ ಅಂದಿದ್ದಾರೆ. ಅದು ಬಿಟ್ಟುಹೋದರೆ ಆ ಸಂದರ್ಶನದಲ್ಲಿ ಉಳಿಯುವುದೇನು?

ಇಲ್ಲಿ ನಿಮ್ಮ ಸಿಂಧನೂರಿನ ವಿಷಯಕ್ಕೆ ಬರುತ್ತೇನೆ. ನೀವು ಅದನ್ನು ವಿಳಾಸದ ಹಾಗೆ ಬರೆದು ಮುಂದೆ ಹೋಗಿದ್ದೀರಿ. ನನಗೆ ನಿಮ್ಮ ಇಡೀ ಪತ್ರದಲ್ಲಿ ಎದ್ದು ಕಂಡದ್ದೇ ಅದು. ಕೆಲವು ವರ್ಷಗಳ ಹಿಂದೆ ರಾಯಚೂರು ಕಡೆಯ ರೈತರ ಸಂದರ್ಶನವೊಂದು ನಮ್ಮಲ್ಲಿಗೆ ಬಂತು. ಟೈಪ್ ಮಾಡಿದ ಹುಡುಗ ಬಸವನಗುಡಿಯಲ್ಲಿ ಹುಟ್ಟಿ ಬೆಳೆದವನು, ಬೆರಳು ಗಾಳಿಯಂತೆ ಓಡುತ್ತದೆ. ರೈತ ‘ಮಳಿ ಬರವಲ್ದು’ ಅಂದದ್ದನ್ನು ಇವನು ‘ಮಳೆ ಬರಬಲ್ಲುದು’ ಅಂತ ಟೈಪ್ ಮಾಡಿದ್ದ. ಮಳೆ ಬರ್ತಾ ಇಲ್ಲ ಅನ್ನುವ ಸಂಕಟ ಮಳೆ ಬರಬಹುದು ಅನ್ನುವ ಆಸೆಯಾಗಿತ್ತು. ಒಂದೆರಡು ಅಕ್ಷರದ ವ್ಯತ್ಯಾಸ, ಅಷ್ಟೇ. ‘ಮಾಡಾಕತ್ತಾರ’, ‘ಹೊಂಟೀನಿ’, ‘ಒಲ್ಲೆ’ ಇವೆಲ್ಲ ನಿಮಗೆ ಮನೆ ಮಾತು. ಅವನು ಪ್ರತಿಯೊಂದನ್ನೂ ಐದು ಸಲ ಹಿಂದಕ್ಕೆ ಹಾಕಿ ಕೇಳಬೇಕು, ಆಗಲೂ ತಪ್ಪಬಹುದು. ಇತ್ತ ಮಂಡ್ಯದವರ ‘ಆಲು’ ಹಾಲೋ ಆಲೂಗಡ್ಡೆಯೋ ಅಂತ 12 ವರ್ಷ ಬೆಂಗಳೂರಿನಲ್ಲಿದ್ದ ನಿಮಗೆ ತಿಳಿಯುತ್ತದೆ. ಎರಡೂ ಕಡೆಯ ಕಿವಿ ಇರುವವರು ಈ ಕೆಲಸದಲ್ಲಿ ಜಾಸ್ತಿ ಇಲ್ಲ. ಅದನ್ನು ಯಾವ ಕಿಟ್‌ನಲ್ಲೂ ಹಾಕಿ ಮಾರುವುದಿಲ್ಲ.

ಸರಿ, ಏನು ಕೊಳ್ಳಬೇಕು? ಮೊದಲ ತಿಂಗಳು ಏನೂ ಬೇಡ. ಇರುವ ಲ್ಯಾಪ್‌ಟಾಪ್, ಫೋನಿನ ಜೊತೆ ಬಂದ ವೈರಿನ ಇಯರ್‌ಫೋನ್ ಸಾಕು. ಚಂದನ ವಾಹಿನಿಯ ಯಾವುದಾದರೂ ಸಂದರ್ಶನದ ಹತ್ತು ನಿಮಿಷ ತೆಗೆದುಕೊಳ್ಳಿ. ಇನ್ನೊಂದು ದಿನ ತವರಿನ ಯಾರ ಜೊತೆಗಾದರೂ, ಅವರಿಗೆ ಹೇಳಿಯೇ, ಹತ್ತು ನಿಮಿಷದ ಮಾತು ರೆಕಾರ್ಡ್ ಮಾಡಿಕೊಳ್ಳಿ. ಎರಡನ್ನೂ ಟೈಪ್ ಮಾಡಿ. ಪಕ್ಕದಲ್ಲಿ ಒಂದು ಹಾಳೆ ಇರಲಿ. ಆಡಿಯೋ ಹಿಂದಕ್ಕೆ ಹಾಕಿದಾಗಲೆಲ್ಲ ಯಾಕೆ ಅಂತ ಒಂದು ಗೀಟು ಎಳೆಯಿರಿ. ಮೂರು ಕಾರಣ ಸಾಕು: ಕೈ, ಕಿವಿ, ಮಾತು. ಕೇಳಿಸಿತು, ಬೆರಳು ಹಿಂದೆ ಬಿತ್ತು ಅಂದರೆ ಕೈ. ಸರಿಯಾಗಿ ಕೇಳಿಸಲಿಲ್ಲ ಅಂದರೆ ಕಿವಿ. ಚೆನ್ನಾಗಿ ಕೇಳಿಸಿತು, ಆದರೆ ಆ ಪದವೇ ಗೊತ್ತಿಲ್ಲ ಅಂದರೆ ಮಾತು. ಒಟ್ಟು ಎಷ್ಟು ಹೊತ್ತು ಹಿಡಿಯಿತು ಅಂತಲೂ ಬರೆದಿಡಿ.

ನಾನು ಕಲಿಸಿದ ಹೊಸಬರೆಲ್ಲ ಮೊದಲು ಅಂದುಕೊಳ್ಳುವುದು ತಮ್ಮ ಕೈ ನಿಧಾನ ಅಂತ. ಹಾಳೆ ನೋಡಿದರೆ ಗೀಟುಗಳು ಕಿವಿ, ಮಾತುಗಳ ಕೆಳಗೆ ತುಂಬಿರುತ್ತವೆ. ಇದಕ್ಕೆ ಒಂದು ಕಾರಣ ನಮ್ಮ ಭಾಷೆಯಲ್ಲೇ ಇದೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಯಾರು, ಯಾವಾಗ, ಹೌದೋ ಅಲ್ಲವೋ ಎಲ್ಲ ಆ ಬಾಲದಲ್ಲಿರುತ್ತದೆ. ‘ಅವರು ದುಡ್ಡು ಕೊಟ್ಟಿದಾರೆ’, ‘ಅವರು ದುಡ್ಡು ಕೊಟ್ಟಿಲ್ಲ’. ಮುಕ್ಕಾಲು ವಾಕ್ಯ ಒಂದೇ, ವ್ಯತ್ಯಾಸ ಕೊನೆಯಲ್ಲಿ. ಮನುಷ್ಯರ ದನಿ ತಗ್ಗುವುದೂ ಸರಿಯಾಗಿ ಅಲ್ಲೇ, ಉಸಿರು ಮುಗಿಯುತ್ತದಲ್ಲ. ಅಂದರೆ ಅರ್ಥ ಎಲ್ಲಿದೆಯೋ ಅಲ್ಲೇ ಸದ್ದು ಕಡಿಮೆ. ಕನ್ನಡ ಟ್ರಾನ್ಸ್‌ಕ್ರಿಪ್ಷನ್‌ನ ಕಷ್ಟವೆಲ್ಲ ಆ ಕೊನೆಯ ಅರ್ಧ ಸೆಕೆಂಡಿನಲ್ಲಿದೆ ಅಂದರೂ ತಪ್ಪಿಲ್ಲ.

ಅದಕ್ಕೇ ನಾನು ದುಡ್ಡು ಹಾಕುವುದಾದರೆ ಮೊದಲು ಹೆಡ್‌ಫೋನಿಗೆ ಹಾಕಿ ಅನ್ನುವುದು. ಕಿವಿಯನ್ನು ಪೂರ್ತಿ ಮುಚ್ಚುವ, ಹಿಂಭಾಗ ಮುಚ್ಚಿರುವ, ವೈರ್ ಇರುವ ಮಾದರಿ. ಎರಡು-ಮೂರು ಸಾವಿರದೊಳಗೆ ಕೆಲಸಕ್ಕೆ ಬರುವಂಥದ್ದು ಸಿಗುತ್ತದೆ. ‘ಎಕ್ಸ್‌ಟ್ರಾ ಬಾಸ್’ ಅಂತ ಡಬ್ಬದ ಮೇಲೆ ಬರೆದಿದ್ದರೆ ಮುಟ್ಟಬೇಡಿ. ಹಾಡಿಗೆ ಅದು ಮಜಾ, ಮಾತಿಗೆ ಕೇಡು: ಮಾತನ್ನು ಬಿಡಿಸಿ ತೋರಿಸುವ ವ್ಯಂಜನಗಳೆಲ್ಲ ಮೇಲಿನ ದನಿಯಲ್ಲಿವೆ, ಗುಂಯ್ ಅನ್ನುವ ಬಾಸ್ ಅವನ್ನು ನುಂಗಿಬಿಡುತ್ತದೆ. ಬ್ಲೂಟೂತ್ ಬೇಡ. ನಿಲ್ಲಿಸಿ ಮತ್ತೆ ಓಡಿಸಿದಾಗ ಮೊದಲ ಅಕ್ಷರವನ್ನು ತಿಂದುಹಾಕುವ ಬ್ಲೂಟೂತ್ ಹೆಡ್‌ಫೋನುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮೈಕ್ ಆನ್ ಆದರೆ ಅದು ಫೋನ್ ಕರೆಯ ಗುಣಮಟ್ಟಕ್ಕೆ ಇಳಿಯುತ್ತದೆ. ಹೊರಗಿನ ಸದ್ದು ಅಡಗಿಸುವ ದುಬಾರಿ ಮಾದರಿಗಳು ಅತ್ತೆಯವರ ಧಾರಾವಾಹಿಯನ್ನು ಸ್ವಲ್ಪ ತಗ್ಗಿಸಿಯಾವು. ಆದರೆ ರೆಕಾರ್ಡಿಂಗಿನ ಒಳಗೇ ಇರುವ ಟಿವಿಯನ್ನು ಅವು ತೆಗೆಯುವುದಿಲ್ಲ. ಜನ ಇಲ್ಲಿ ಮೋಸಹೋಗುತ್ತಾರೆ.

ಎಷ್ಟು ದುಬಾರಿ ಹೆಡ್‌ಫೋನ್ ಹಾಕಿದರೂ ಫೈಲಿನಲ್ಲಿ ಇಲ್ಲದ್ದು ಕೇಳಿಸುವುದಿಲ್ಲ ಅನ್ನುವುದೂ ನೆನಪಿರಲಿ. ಹಳೆಯ ಟೆಲಿಫೋನ್ ವ್ಯವಸ್ಥೆ ದಾಟಿಸುವುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನು ಮಾತ್ರ. ‘ಸ’, ‘ಫ’ಗಳ ಗುರುತು ಬಹುಪಾಲು ಅದಕ್ಕಿಂತ ಮೇಲಿದೆ. ಫೋನ್ ಕರೆಯ ರೆಕಾರ್ಡಿಂಗಿನಲ್ಲಿ ಹೆಸರುಗಳು ಕೈಕೊಡುವುದು ಅದಕ್ಕೇ. ಅಂಥ ಕಡೆ ನಿಮ್ಮ ಕಿವಿಯನ್ನು ಬೈದುಕೊಳ್ಳಬೇಡಿ. ಆ ಜಾಗದ ಸಮಯ ಹಾಕಿ ‘ಕೇಳಿಸುತ್ತಿಲ್ಲ’ ಅಂತ ಗುರುತು ಮಾಡಿ ಮುಂದೆ ಹೋಗಿ. ಊಹಿಸಿ ತುಂಬಿಸುವವರಿಗಿಂತ ಹೀಗೆ ಗುರುತು ಮಾಡುವವರನ್ನೇ ಕ್ಲೈಂಟುಗಳು ಮತ್ತೆ ಕರೆಯುತ್ತಾರೆ. ಸದ್ದು ಕೆಟ್ಟಿರುವ ಫೈಲನ್ನು ಆಡಾಸಿಟಿಯಲ್ಲಿ ತೆರೆದು ದನಿ ಏರಿಸಬಹುದು, ಫ್ಯಾನಿನ ಗುಂಯ್‌ಗಾಟ ತಗ್ಗಿಸಬಹುದು. ಅದು ಪುಕ್ಕಟೆ ಸಾಫ್ಟ್‌ವೇರ್. ಜಾಸ್ತಿ ತೊಳೆದರೆ ಮಾತು ನೀರೊಳಗಿಂದ ಬಂದ ಹಾಗೆ ಆಗುತ್ತದೆ, ಆದ್ದರಿಂದ ಮೂಲ ಫೈಲಿನ ಪ್ರತಿ ಪಕ್ಕದಲ್ಲಿರಲಿ.

ಈಗ ಆ ಫುಟ್ ಪೆಡಲ್. ಹೊಲಿಗೆ ಮೆಷಿನ್ನಿನ ಪೆಡಲಿನ ತಮ್ಮ ಅಂದುಕೊಳ್ಳಿ. ಮಧ್ಯ ಒತ್ತಿದರೆ ಆಡಿಯೋ ಓಡುತ್ತದೆ, ಕಾಲೆತ್ತಿದರೆ ನಿಲ್ಲುತ್ತದೆ, ಎಡಕ್ಕೆ ಒತ್ತಿದರೆ ಹಿಂದೆ, ಬಲಕ್ಕೆ ಮುಂದೆ. ಕೈ ಕೀಬೋರ್ಡ್ ಬಿಡಬೇಕಾಗಿಲ್ಲ. ಒಳ್ಳೆಯ ವಸ್ತು, ನನ್ನ ಮೇಜಿನ ಕೆಳಗೂ ಒಂದಿದೆ. (ಮೊಸಾಯಿಕ್ ನೆಲದ ಮೇಲೆ ಜಾರಿಕೊಂಡು ಹೋಗುತ್ತದೆ, ಕೆಳಗೆ ಹಳೇ ಡೋರ್ ಮ್ಯಾಟ್ ಹಾಕಿದ್ದೇನೆ.) ಆದರೆ ಅದು ನಿಮ್ಮ ಹಾಳೆಯ ‘ಕೈ’ ಗೀಟುಗಳನ್ನಷ್ಟೇ ಕಡಿಮೆ ಮಾಡುತ್ತದೆ. ಅವುಗಳಲ್ಲೂ ಹೆಚ್ಚಿನವು ಕೀಬೋರ್ಡಿನ ಮೇಲಿನ ಸಾಲಿನ ಎಫ್ ಕೀಲಿಗಳಿಂದಲೇ ಹೋಗುತ್ತವೆ. ಓಟ್ರಾನ್ಸ್‌ಕ್ರೈಬ್ ಅಂತ ಒಂದು ಪುಕ್ಕಟೆ ಸಲಕರಣೆ ಬ್ರೌಸರಿನಲ್ಲೇ ತೆರೆಯುತ್ತದೆ. ಎಸ್ಕೇಪ್ ಒತ್ತಿದರೆ ನಿಲ್ಲುತ್ತದೆ, ಮತ್ತೆ ಒತ್ತಿದರೆ ಓಡುತ್ತದೆ. ಎಫ್1 ಹಿಂದಕ್ಕೆ, ಎಫ್2 ಮುಂದಕ್ಕೆ, ಎಫ್3 ನಿಧಾನ, ಎಫ್4 ಜೋರು. ಫೈಲು ನಿಮ್ಮ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದಿಲ್ಲ. ಒಂದೇ ಎಚ್ಚರ: ಟೈಪ್ ಮಾಡಿದ್ದು ಬ್ರೌಸರಿನ ನೆನಪಿನಲ್ಲಿ ಇರುತ್ತದೆ, ಹಿಸ್ಟರಿ ಗುಡಿಸಿದರೆ ಅದೂ ಹೋಗುತ್ತದೆ. ಅರ್ಧ ಗಂಟೆಗೊಮ್ಮೆ ವರ್ಡ್‌ಗೆ ತೆಗೆದಿಟ್ಟುಕೊಳ್ಳಿ. ಪೆಡಲ್ ಬೇಕೆನಿಸುವ ಹೊತ್ತಿಗೆ, ಪೆಡಲ್ ಜೊತೆ ಓಡುವ ಎಕ್ಸ್‌ಪ್ರೆಸ್ ಸ್ಕ್ರೈಬ್ ಎಂಬ ಸಾಫ್ಟ್‌ವೇರ್ ನೋಡಬಹುದು. ದಿನಕ್ಕೆ ಮೂರು-ನಾಲ್ಕು ಗಂಟೆ ಕೆಲಸ ತಪ್ಪದೆ ಬರುತ್ತಿದ್ದರೆ, ಆಗ ಪೆಡಲ್ ಕೊಳ್ಳಿ.

ಲ್ಯಾಪ್‌ಟಾಪ್ ಬದಲಿಸಬೇಕಿಲ್ಲ. ಕೇಳಿ ಟೈಪ್ ಮಾಡುವುದಕ್ಕೆ 4 ಜಿಬಿ ಸಾಕು. ಒಳಗೆ ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಅದರ ಬದಲು ವೇಗದ ಎಸ್‌ಎಸ್‌ಡಿ ಹಾಕಿಸಿ, ಮುದಿ ಎತ್ತಿಗೆ ಹುರುಪು ಬರುತ್ತದೆ. ಬೆಸ್ಕಾಂ ಕರೆಂಟ್ ನಂಬಿ ಕೂರಬೇಡಿ, ಬ್ಯಾಟರಿ ಕನಿಷ್ಠ ಅರ್ಧ ಗಂಟೆ ನಿಲ್ಲುವಂತಿರಲಿ.

ಸಲಕರಣೆಗಿಂತ ನಿಮ್ಮ ಮಟ್ಟಿಗೆ ದೊಡ್ಡ ತೊಡಕು ಫಾಂಟು. ವಕೀಲರ ಕಚೇರಿಗಳಲ್ಲಿ ನುಡಿಯ ಹಳೆಯ ಫಾಂಟಿನಲ್ಲೇ ಟೈಪ್ ಮಾಡಿ ರೂಢಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅದು ಬರೀ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ. ಹೊರಗಿನ ಕ್ಲೈಂಟುಗಳು ಕೇಳುವುದು ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ತೆರೆಯುವ ಯೂನಿಕೋಡ್. ಹೆದರಬೇಡಿ, ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಕೀಲಿಗಳ ಜಾಗ ಅದೇ. ನಿಮ್ಮ ಆರು ವರ್ಷದ ಬೆರಳಿನ ರೂಢಿ ಹಾಳಾಗುವುದಿಲ್ಲ. ಹಳೆಯ ಕಚೇರಿಗೆ ಮಾಡಿಕೊಟ್ಟರೆ ಮಾತ್ರ ಯಾವುದರಲ್ಲಿ ಬೇಕು ಅಂತ ಮೊದಲೇ ಕೇಳಿ.

ಇನ್ನು ಎಷ್ಟು ಸಿಗುತ್ತದೆ. ಈ ಕೆಲಸದಲ್ಲಿ ದರ ಹೇಳುವುದು ಆಡಿಯೋದ ನಿಮಿಷಕ್ಕೆ, ನೀವು ಕೂತ ನಿಮಿಷಕ್ಕಲ್ಲ. ಜಾಹೀರಾತಿನವರು ಇದನ್ನೇ ಕಲಸಿ ಹೇಳಿ ‘ಗಂಟೆಗೆ ಇಷ್ಟು’ ಅಂತ ಕಣ್ಣು ಕುಕ್ಕಿಸುವುದು. ಪಳಗಿದವರಿಗೆ ಒಂದು ಗಂಟೆಯ ಸ್ಪಷ್ಟ ಆಡಿಯೋಗೆ ಸುಮಾರು ನಾಲ್ಕು ಗಂಟೆ ಬೇಕು. ಹೊಸಬರಿಗೆ ಆರು, ಎಂಟು. ಗುಂಪು ಚರ್ಚೆಯಾದರೆ ಹತ್ತು ದಾಟಿದರೂ ಆಶ್ಚರ್ಯವಿಲ್ಲ. ಲೆಕ್ಕಕ್ಕಾಗಿ ನಿಮಿಷಕ್ಕೆ 20 ರೂಪಾಯಿ ಅಂತ ಹಿಡಿಯೋಣ. ಇದು ಮಾರುಕಟ್ಟೆಯ ದರ ಅಂತ ತಿಳಿಯಬೇಡಿ, ಬರೀ ಗಣಿತ. ಒಂದು ಗಂಟೆಯ ಫೈಲಿಗೆ 1,200 ರೂಪಾಯಿ. ನಾಲ್ಕು ಗಂಟೆಯಲ್ಲಿ ಮುಗಿಸಿದರೆ ಗಂಟೆಗೆ 300 ಬಿತ್ತು. ಎಂಟು ಹಿಡಿದರೆ 150. ಹನ್ನೆರಡು ಹಿಡಿದರೆ 100. ದರ ಒಂದೇ, ನಿಮ್ಮ ಕೂಲಿ ಮೂರು ಪಟ್ಟು ಏರುಪೇರು. ದಿನಕ್ಕೆ ನಾಲ್ಕು ಗಂಟೆ ಕೂತು 40 ನಿಮಿಷದ ಆಡಿಯೋ ಮುಗಿಸಿದರೆ, 22 ದಿನಕ್ಕೆ 880 ನಿಮಿಷ, 17,600 ರೂಪಾಯಿ. ಆದರೆ ಹೊಸಬರಿಗೆ 22 ದಿನವೂ ಕೆಲಸ ಬರುವುದಿಲ್ಲ. ಮೊದಲ ಆರು ತಿಂಗಳು ಇದರ ಅರ್ಧ ಬಂದರೂ ಬಂತು, ಕೆಲವು ತಿಂಗಳು ಏನೂ ಇಲ್ಲ ಅಂತಲೇ ಮನೆ ಖರ್ಚಿನ ಲೆಕ್ಕ ಹಾಕಿ.

ಹಾಗಾಗಿ ಫೈಲು ನೋಡದೆ ದರ ಹೇಳಬೇಡಿ. ಐದು ನಿಮಿಷದ ಸ್ಯಾಂಪಲ್ ಕೇಳಿ, ಅದೂ ಫೈಲಿನ ನಡುವಿನಿಂದ. ಶುರುವಿನಲ್ಲಿ ಎಲ್ಲರೂ ಮೈಕಿನ ಹತ್ತಿರ ನೆಟ್ಟಗೆ ಕೂತಿರುತ್ತಾರೆ. ಚಹಾ ಬಂದು, ಲೋಟದ ಸದ್ದು ಸೇರಿ, ಹೊಸಬರು ಬಂದು ಕೂರುವುದು ಇಪ್ಪತ್ತನೇ ನಿಮಿಷಕ್ಕೆ. ಎಷ್ಟು ಜನ ಮಾತಾಡುತ್ತಾರೆ, ಆಡಿದ್ದನ್ನು ‘ಆಂ, ಊಂ’ ಸಮೇತ ಹಾಗೇ ಬರೆಯಬೇಕೋ ಓದಲು ಅನುಕೂಲವಾಗುವಂತೆ ಸ್ವಚ್ಛ ಮಾಡಬೇಕೋ, ಎಷ್ಟು ಹೊತ್ತಿಗೊಮ್ಮೆ ಸಮಯ ಹಾಕಬೇಕು, ಇಂಗ್ಲಿಷ್ ಪದ ಯಾವ ಲಿಪಿಯಲ್ಲಿ ಬೇಕು ಅಂತ ಮೊದಲೇ ಬರಹದಲ್ಲಿ ಕೇಳಿ. ‘ಹೋಗ್ಬೇಕ್ರೀ’ ಅಂದದ್ದನ್ನು ‘ಹೋಗಬೇಕು ರೀ’ ಅಂತ ತಿದ್ದಬೇಕೋ ಬೇಡವೋ ಅನ್ನುವುದನ್ನು ಮೊದಲೇ ಕೇಳದೆ ನಾನು ಒಮ್ಮೆ 90 ಪುಟ ಮತ್ತೆ ಮಾಡಿಕೊಟ್ಟಿದ್ದೇನೆ, ಬಿಟ್ಟಿಯಾಗಿ.

ಯಂತ್ರ ಬರೆದದ್ದನ್ನು ತಿದ್ದುವ ಕೆಲಸವೂ ನಿಮಗೆ ಬರುತ್ತದೆ, ಕಡಿಮೆ ದರಕ್ಕೆ. ಯಂತ್ರದ ಬರಹ ಚೆನ್ನಾಗಿದ್ದರೆ ಒಪ್ಪಿಕೊಳ್ಳಿ. ಸಾಲಿಗೆ ಮೂರು ತಪ್ಪಿದ್ದರೆ ಹೊಸದಾಗಿ ಟೈಪ್ ಮಾಡುವುದೇ ಬೇಗ. ಇದರಲ್ಲಿ ಇನ್ನೊಂದು ಅಪಾಯವಿದೆ: ಕಣ್ಣೆದುರು ‘ಬರಬಲ್ಲುದು’ ಅಂತ ಬರೆದಿದ್ದರೆ ಕಿವಿಗೂ ಹಾಗೇ ಕೇಳಿಸುತ್ತದೆ. ನಾನು ಮೊದಲು ಕಣ್ಣುಮುಚ್ಚಿ ವಾಕ್ಯ ಕೇಳಿ, ಆಮೇಲೆ ಪರದೆ ನೋಡುತ್ತೇನೆ. ಮೈದುನ ಉತ್ಸಾಹದಲ್ಲಿ ‘ಫೈಲು ಕೊಡಿ ಅತ್ತಿಗೆ, ಆನ್‌ಲೈನ್ ಎಐಗೆ ಹಾಕಿಕೊಡ್ತೀನಿ’ ಅಂದರೆ ಕೊಡಬೇಡಿ. ಕ್ಲೈಂಟ್ ಒಪ್ಪಿಗೆ ಇಲ್ಲದೆ ಅವರ ಆಡಿಯೋವನ್ನು ಹೊರಗೆ ಹಾಕುವುದು ನಂಬಿಕೆಗೆ ಎರಡು ಬಗೆದಂತೆ. ಗುಟ್ಟು ಕಾಯುವ ಕರಾರಿಗೆ ಸಹಿ ಮಾಡಿದ್ದರೆ ಕಾನೂನಿನ ತಕರಾರೂ ಬರುತ್ತದೆ.

ಕೆಲಸ ಎಲ್ಲಿ ಹುಡುಕುವುದು? ವಿದೇಶಿ ಇಂಗ್ಲಿಷ್ ವೆಬ್‌ಸೈಟುಗಳನ್ನು ಸದ್ಯ ಬಿಟ್ಟುಬಿಡಿ. ಅಮೆರಿಕದ ಉಚ್ಚಾರಣೆ ಕಷ್ಟ ಅಂತ ನೀವೇ ಬರೆದಿದ್ದೀರಿ, ಯಂತ್ರ ಎಲ್ಲಕ್ಕಿಂತ ಮೊದಲು ತಿಂದದ್ದೂ ಅದೇ ಕೆಲಸವನ್ನು. ನಿಮ್ಮ ಮೊದಲ ಬಾಗಿಲು ಹಳೆಯ ವಕೀಲರ ಕಚೇರಿ. ಫೋನ್ ರೆಕಾರ್ಡಿಂಗನ್ನು ಸಾಕ್ಷಿಯಾಗಿ ಕೊಡುವಾಗ ಅದರ ಬರಹ ರೂಪವನ್ನೂ ಜೊತೆಗಿಡುತ್ತಾರೆ. ಇಂಥ ಎಲೆಕ್ಟ್ರಾನಿಕ್ ಸಾಕ್ಷಿಗೆ ಒಂದು ಪ್ರಮಾಣಪತ್ರ ಬೇಕು; ಅದಕ್ಕೆ 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಬಂದಿದೆ. ಆ ಪ್ರಮಾಣಪತ್ರಕ್ಕೆ ಸಹಿ ಹಾಕುವುದು ನಿಮ್ಮ ಕೆಲಸವಲ್ಲ, ಯಾರಾದರೂ ಹಾಕಿ ಅಂದರೆ ಹಾಕಬೇಡಿ. ನೀವು ಕೇಳಿದ್ದನ್ನು ಬರೆದುಕೊಟ್ಟರೆ ಆಯಿತು.

ಎರಡನೆಯದು ಸಂಶೋಧಕರು. ನಾಗರಬಾವಿಯ ಐಸೆಕ್ (ಸಾಮಾಜಿಕ, ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ), ನಿಮ್ಹಾನ್ಸ್, ವಿಶ್ವವಿದ್ಯಾಲಯಗಳ ಪಿಎಚ್‌ಡಿ ವಿದ್ಯಾರ್ಥಿಗಳು, ಹಳ್ಳಿಗಳಲ್ಲಿ ಕೆಲಸ ಮಾಡುವ ಸಂಸ್ಥೆಗಳು. ಇವರ ಹತ್ತಿರ ಉತ್ತರ ಕರ್ನಾಟಕದ ಸಂದರ್ಶನಗಳ ರಾಶಿ ಇರುತ್ತದೆ, ಕೇಳಿ ಬರೆಯುವವರು ಸಿಗದೆ ಅವರೇ ರಾತ್ರಿ ಕೂತು ಒದ್ದಾಡುತ್ತಿರುತ್ತಾರೆ. ‘ರಾಯಚೂರು, ಕೊಪ್ಪಳ ಕಡೆಯ ಮಾತು ನನಗೆ ಮನೆ ಮಾತು’ ಅನ್ನುವ ಒಂದು ಸಾಲು ನಿಮ್ಮ ಪರಿಚಯದ ಮೊದಲಲ್ಲೇ ಇರಲಿ. ಮೂರನೆಯದು ಎಐಗೆ ಕಲಿಸಲು ಬೇಕಾದ ಮಾತಿನ ಸಂಗ್ರಹ. ನಮ್ಮ ಊರಿನ ಐಐಎಸ್‌ಸಿ, ಎಐ-ರೋಬಾಟಿಕ್ಸ್ ಸಂಸ್ಥೆ ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ ‘ವಾಣಿ’ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಮಾತನ್ನು ರೆಕಾರ್ಡ್ ಮಾಡಿ, ಅದರ ಒಂದು ಭಾಗವನ್ನು ಬರಹಕ್ಕೆ ಇಳಿಸಿವೆ. ಬೆಂಗಳೂರಿನಲ್ಲೇ ಹುಟ್ಟಿದ ಕಾರ್ಯ ಎಂಬ ಸಂಸ್ಥೆಯೂ ಇಂಥ ಕೆಲಸವನ್ನು ಜನರಿಂದ ದುಡ್ಡು ಕೊಟ್ಟು ಮಾಡಿಸುತ್ತದೆ. ಯಂತ್ರಕ್ಕೆ ಕಲಿಸುವವರೂ ಮನುಷ್ಯರೇ ಅಂತ ಮೈದುನನಿಗೆ ಹೇಳಿ. ಈ ಕೆಲಸ ಯೋಜನೆ ಇರುವಷ್ಟು ದಿನ ಬಂದು ನಿಂತುಹೋಗುತ್ತದೆ, ಅದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಒಂದು ಮೋಸದ ಬಗ್ಗೆ ಎಚ್ಚರ. ‘ನೋಂದಣಿ ಶುಲ್ಕ ಕೊಡಿ, ಕೆಲಸ ಕಳಿಸುತ್ತೇವೆ’ ಅನ್ನುವವರು ಒಂದು ಬಗೆ. ಇನ್ನೊಂದು ಬಗೆಯವರು ಶುಲ್ಕ ಕೇಳುವುದಿಲ್ಲ, ಕರಾರಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಮುಗಿಸಲಾಗದಷ್ಟು ಕೆಲಸ ಕೊಟ್ಟು, ತಪ್ಪು ಜಾಸ್ತಿಯಾಯಿತು ಅಂತ ‘ಲೀಗಲ್ ನೋಟಿಸ್’ ಹೆಸರಿನ ಕಾಗದ ಕಳಿಸಿ ದಂಡ ಕಟ್ಟಿ ಅನ್ನುತ್ತಾರೆ. ವಕೀಲರ ಕಚೇರಿಯಲ್ಲಿದ್ದ ನಿಮಗೆ ಅಸಲಿ ನೋಟಿಸ್ ಹೇಗಿರುತ್ತದೆ ಗೊತ್ತು, ಬೇರೆ ಹೆಣ್ಣುಮಕ್ಕಳು ಹೆದರಿ ಕಟ್ಟಿಬಿಡುತ್ತಾರೆ. ಹೀಗೆ ಆನ್‌ಲೈನಿನಲ್ಲಿ ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಜಿಎಸ್‌ಟಿ ನಂಬರ್ ಇಲ್ಲವಾ ಅಂತ ಯಾರಾದರೂ ಹೆದರಿಸಿದರೆ, ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನಿಮ್ಮಂಥವರಿಗೆ ಸಾಮಾನ್ಯವಾಗಿ ಅದು ಬೇಕಿಲ್ಲ. ಪ್ಯಾನ್ ಮಾತ್ರ ಇರಲಿ.

ಕಿವಿಯೇ ನಿಮ್ಮ ಬಂಡವಾಳ, ಅದನ್ನು ಸವೆಸಬೇಡಿ. ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬೆಲ್ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೇಳಿಸದಿದ್ದಾಗ ವಾಲ್ಯೂಮ್ ಏರಿಸುವ ಬದಲು ವೇಗ ತಗ್ಗಿಸಿ ನೋಡಿ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ, ಮಣಿಕಟ್ಟು ನೋಯತೊಡಗಿದರೆ ಅವತ್ತಿಗೆ ನಿಲ್ಲಿಸಿ. ಅತ್ತೆಯವರ ಟಿವಿ ಜೊತೆ ಜಗಳ ಬೇಡ. ನಾನು ನನ್ನ ಕಷ್ಟದ ಫೈಲುಗಳನ್ನೆಲ್ಲ ಮಾಡುವುದು ಬೆಳಗಿನ ಐದರಿಂದ ಏಳರವರೆಗೆ, ಕುಕ್ಕರ್ ಕೂಗುವ ಮೊದಲು. ಸಂಜೆ ಬರೆದದ್ದನ್ನು ಓದಿ ತಿದ್ದಲು ಇಟ್ಟುಕೊಳ್ಳಿ.

ಕೊನೆಗೆ ಆ 2 ಸಾವಿರ. ಅವರ ಜೊತೆ ಫೋನಿನಲ್ಲಿ ವಾದ ಮಾಡಬೇಡಿ. ‘ನಾನು ಕೋರ್ಸಿಗೆ ಸೇರುತ್ತಿಲ್ಲ, ಇಂಥ ತಾರೀಕು ಕೊಟ್ಟ ಮುಂಗಡ ಹಿಂದಿರುಗಿಸಿ’ ಅಂತ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, ರಸೀದಿಯ ಫೋಟೋ ಜೊತೆಗಿರಲಿ. ರಸೀದಿ ಕೊಟ್ಟಿಲ್ಲವಾದರೆ ಯುಪಿಐ ಪಾವತಿಯ ಚಿತ್ರ ಸಾಕು. ಕೊಡುವುದಿಲ್ಲ ಅಂದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿ, ಫೋನ್ ಮಾಡಿದರೆ ಆಯಿತು. ಇಂಥ ಸಂಸ್ಥೆಗಳು ಕೆಲವೊಮ್ಮೆ ದೂರಿನ ಸಂಖ್ಯೆ ನೋಡಿಯೇ ಹಿಂದಿರುಗಿಸುತ್ತವೆ, ಕೆಲವೊಮ್ಮೆ ಸತಾಯಿಸುತ್ತವೆ. ಬಂದರೆ ಅದರಲ್ಲೇ ಹೆಡ್‌ಫೋನ್ ತೆಗೆದುಕೊಳ್ಳಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋಗುವಾಗ ಲ್ಯಾಪ್‌ಟಾಪನ್ನೂ ತವರಿನ ಆ ರೆಕಾರ್ಡಿಂಗನ್ನೂ ಒಯ್ಯಿರಿ. ಅಂಗಡಿಯವನು ಹಾಕಿಸುವ ಹಾಡು ಬಿಟ್ಟು ನಿಮ್ಮ ಫೈಲನ್ನೇ ಹಾಕಿಸಿ. ವಾಕ್ಯದ ಕೊನೆ ಯಾವುದರಲ್ಲಿ ಕೇಳಿಸುತ್ತದೋ ಅದನ್ನು ಕೊಳ್ಳಿ.